ಮೂರನೆಯ ಕಾಜಾ

ಅವನು ಒಳ್ಳೆಯ ದರ್ಜಿ, ಕೆಟ್ಟ ಮನುಷ್ಯ. ಊರು ಹೀಗೇ ಹೇಳುತ್ತಿತ್ತು. ಊರಿನವರು ಮಾತು ಬೆಳೆಸುವವರೇ ಆದರೂ ಈ ವಿಷಯದಲ್ಲಿ ಹೆಚ್ಚು ಬೆಳೆಸಿರಲಿಲ್ಲ. ಇನ್ನೊಬ್ಬರ ತಪ್ಪು ಕಣ್ಣಿಗೆ ಬಿದ್ದರೆ ಅವನ ಮುಖಕ್ಕೆ ಕಳೆ ಬರುತ್ತಿತ್ತು. ಬೇರೆ ಅಂಗಡಿಯಲ್ಲಿ ಹೊಲಿಸಿದ ಅಂಗಿ ತೊಟ್ಟು ಯಾರಾದರೂ ಬಂದರೆ, ಬಂದ ಕೆಲಸ ಕೇಳುವ ಮೊದಲು ಕಾಲರನ್ನು ಎರಡು ಬೆರಳಲ್ಲಿ ಹಿಡಿದು, “ಇದನ್ನ ಹೊಲಿದವನಿಗೆ ಎರಡೂ ಕಣ್ಣು ಇದ್ವಾ?” ಎನ್ನುತ್ತಿದ್ದ. ತನ್ನ ಅಂಗಡಿಯ ಕೆಲಸಗಾರರ ಹೊಲಿಗೆ ಒಂದು ನೂಲಿನಷ್ಟು ಓರೆಯಾದರೂ ಸಾಕು, ತಗಡಿನ ಡಬ್ಬಿಯಿಂದ ಬ್ಲೇಡು ತೆಗೆದು ಗಿರಾಕಿಯ ಎದುರಿಗೇ ಸರಸರನೆ ಬಿಚ್ಚಿಹಾಕುತ್ತಿದ್ದ. ಹಾಗಾಗಿ ಎದುರಿಗೆ ಮಾಸ್ಟ್ರು, ಬೆನ್ನ ಹಿಂದೆ ಬಿಚ್ಚು ಮಾಸ್ಟ್ರು.

ಮಗಳ ಮದುವೆಯ ಬೆಳಿಗ್ಗೆ ನಡೆದದ್ದನ್ನು ನೆಂಟರು ಇವತ್ತಿಗೂ ಹೇಳುತ್ತಾರೆ. ಆ ಹುಡುಗಿ ತನ್ನ ರವಿಕೆಯನ್ನು ತಾನೇ, ಅಪ್ಪನಿಗೆ ತೋರಿಸದೆ, ಅಕ್ಕರೆಯಿಂದ ಹೊಲಿದುಕೊಂಡಿದ್ದಳು. ಹೊರಡುವ ಹೊತ್ತಿಗೆ ಅವನು ಅವಳ ಎಡ ತೋಳಿನ ಕಡೆ ನೋಡಿ ಒಂದೇ ಮಾತು ಅಂದ: “ಬಿಚ್ಚು.” ಹೆಂಡತಿ, “ಇರಲಿ ಬಿಡ್ರೀ, ಇವತ್ತೊಂದಿನ” ಎಂದಳು. “ಇರಲಿ ಬಿಡು ಅಂದೋರಿಂದಲೇ ಲೋಕದಲ್ಲಿ ಅರ್ಧ ಕೆಲಸ ಕೆಟ್ಟಿರೋದು” ಎಂದು ಅವನು ಬ್ಲೇಡು ಹುಡುಕಿದ. ಮದುವಣಗಿತ್ತಿ ಶಾಲು ಹೊದ್ದು ಮುಕ್ಕಾಲು ಗಂಟೆ ಕೋಣೆಯಲ್ಲಿ ಕೂತಳು. ತೋಳು ನೆಟ್ಟಗಾಯಿತು. ಮಗಳು ಆಮೇಲೆ ಸೂಜಿ ಮುಟ್ಟಲಿಲ್ಲ. ಎಂಟು ವರ್ಷದ ಹಿಂದೆ ಹೆಂಡತಿ ತೀರಿಕೊಂಡಾಗ, ಅವಳ ಮೇಲೆ ಹೊದಿಸಿದ ಬಟ್ಟೆಯ ಅಂಚನ್ನು ಅವನು ಎಳೆದು ಸಮ ಮಾಡಿದನಂತೆ. ಅದನ್ನು ಕಂಡ ಪಕ್ಕದ ಮನೆಯವಳು, “ಇವನು ಯಮನ ಅಂಗಿನೂ ಬಿಚ್ಚಿಸೋನೇ” ಎಂದಳು.

ಇಂಥವನ ಹೊಟ್ಟೆಯೊಳಗೆ ಒಂದು ತಪ್ಪಿತ್ತು. ಮೂವತ್ತೆಂಟು ವರ್ಷದಿಂದ ಇತ್ತು. ಅದನ್ನು ಮಾತ್ರ ಅವನು ಬಿಚ್ಚಿರಲಿಲ್ಲ.

ಅದು ತಿಳಿಯಬೇಕಾದರೆ ಆ ಊರಿನ ಒಂದು ಸಾವನ್ನೂ ಒಂದು ಸಿನಿಮಾವನ್ನೂ ಹೇಳಬೇಕು. ಆಳುವವರು ಬೇರೆಯವರಾಗಿದ್ದ ಕಾಲದಲ್ಲಿ ನದಿಯ ದೋಣಿಗಳನ್ನೆಲ್ಲ ವಶಪಡಿಸಿಕೊಳ್ಳಲು ಸಿಪಾಯಿಗಳು ಬಂದರು. ಯಾರ ದೋಣಿ ಎಲ್ಲಿ ಕಟ್ಟಿದೆ ಎಂಬ ಪಟ್ಟಿ ಇದ್ದದ್ದು ದೋಣಿ ಕಚೇರಿಯ ಗುಮಾಸ್ತನ ಹತ್ತಿರ. ಅವನಿಗೆ ಇಪ್ಪತ್ತೆರಡು ವರ್ಷ. ಪಟ್ಟಿ ಕೊಡುವುದಿಲ್ಲ ಎಂದ. ಹಗ್ಗದ ಗೋದಾಮಿನ ಹಿಂದಿನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಅವನಿಗೆ ಸಿಕ್ಕಿದ್ದು ಅರ್ಧ ವಾಕ್ಯ. ಇನ್ನರ್ಧ ವಾಕ್ಯ ಬೇರೊಂದು ಊರಿನದು.

ಇಪ್ಪತ್ತಾರು ವರ್ಷ ಕಳೆದ ಮೇಲೆ ಸಿನಿಮಾದವರು ಆ ಅರ್ಧ ವಾಕ್ಯವನ್ನು ಹುಡುಕಿಕೊಂಡು ಬಂದರು. ಗೋದಾಮಿನ ಹಿಂದಿನ ಗೋಡೆ ನೋಡಿ ನಿರ್ದೇಶಕ ಮೂಗು ಮುಚ್ಚಿಕೊಂಡ. ಅಲ್ಲಿ ಬೆಳಕಿರಲಿಲ್ಲ, ಊರವರು ಅದನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದರು. ಆದ್ದರಿಂದ ಸಾವನ್ನು ನದಿಯ ಮೆಟ್ಟಿಲುಗಳಿಗೆ ಸಾಗಿಸಿದರು. ನಾಯಕ ನಟ ಮೂವತ್ತು ಮೆಟ್ಟಿಲು ಇಳಿಯುತ್ತ, ಗುಂಡು ತಿನ್ನುತ್ತ, ಕೊನೆಗೆ ನೀರಿಗೆ ಬೀಳುತ್ತಾನೆ. ಸಿನಿಮಾ ಎಲ್ಲ ಕಡೆ ಓಡಿತು. ದೂರದೂರದಿಂದ ಜನ ಬಂದು ಮೆಟ್ಟಿಲಿಗೆ ಹೂವಿಟ್ಟು ಕಣ್ಣೊರೆಸಿಕೊಂಡರು. ಪುರಸಭೆಯವರು ಸ್ಮಾರಕದ ಕಲ್ಲನ್ನೂ ಅಲ್ಲೇ ನೆಟ್ಟರು. ಗೋದಾಮಿನ ಗೋಡೆಯ ಕೆಲಸ ಮೊದಲಿನಂತೆಯೇ ನಡೆಯಿತು.

ಗುಮಾಸ್ತನ ಒಂದೇ ಒಂದು ಫೋಟೊ ಇರಲಿಲ್ಲ. ದೋಣಿ ಕಚೇರಿಯ ಎರಡು ಕೋಣೆಗಳನ್ನು ಮ್ಯೂಸಿಯಂ ಮಾಡಿದಾಗ ಗೋಡೆಗೆ ನಟನ ಫೋಟೊ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಪಾತ್ರಧಾರಿ’ ಎಂದು ಬರೆದರು. ಅಕ್ಷರ ಮಾಸಿತು, ಫೋಟೊ ಉಳಿಯಿತು. ಶಾಲೆಯ ಮಕ್ಕಳು ಹುತಾತ್ಮನ ಚಿತ್ರ ಬರೆಯುವಾಗ ಮೀಸೆ ಬರೆಯುತ್ತಾರೆ. ಗುಮಾಸ್ತನಿಗೆ ಮೀಸೆ ಇರಲಿಲ್ಲ.

ಉಳಿದದ್ದು ಒಂದು ಕೋಟು. ಕಂದು ಬಣ್ಣದ ಒರಟು ಬಟ್ಟೆ, ಐದು ಗುಂಡಿ. ಸತ್ತ ದಿನ ಸೆಕೆ ಎಂದು ಅವನು ಅದನ್ನು ಕಚೇರಿಯ ಗೂಟಕ್ಕೆ ಸಿಕ್ಕಿಸಿ ಅಂಗಿಯಲ್ಲೇ ಹೊರಗೆ ಹೋಗಿದ್ದ. ಸಿನಿಮಾದಲ್ಲಿ ಮಾತ್ರ ಕೋಟು ತೊಟ್ಟೇ ಸಾಯುತ್ತಾನೆ. ಹಾಗಾಗಿ ಮ್ಯೂಸಿಯಮ್ಮಿಗೆ ಬಂದವರೆಲ್ಲ ಗಾಜಿಗೆ ಮೂಗು ಒತ್ತಿ ಕೇಳುತ್ತಿದ್ದದ್ದು ಒಂದೇ: “ತೂತು ಎಲ್ಲಿ?” ಇಷ್ಟು ಜನ ನಿರಾಸೆಯಿಂದ ಹೋಗುತ್ತಾರಲ್ಲ ಎಂದು ಪುರಸಭೆಯ ಸದಸ್ಯನೊಬ್ಬ, “ಒಂದು ತೂತು ಮಾಡಿಸಿಬಿಟ್ರೆ ಏನು ಗಂಟು ಹೋಗುತ್ತೆ?” ಎಂದು ಸಭೆಯಲ್ಲೇ ಕೇಳಿದ್ದ.

ಗಾಜಿನೊಳಗಿದ್ದ ಕೋಟು ಗುಮಾಸ್ತನದಲ್ಲ ಎಂದು ಗೊತ್ತಿದ್ದವನು ಬಿಚ್ಚು ಮಾಸ್ಟ್ರು ಒಬ್ಬನೇ.

ಸಿನಿಮಾ ತೆಗೆಯುವಾಗ ಅವನಿಗೆ ಇಪ್ಪತ್ನಾಲ್ಕು. ಎಡಗೈಯಲ್ಲಿ ಹೊಲಿಯುವ ಹೊಸ ಹುಡುಗ ನೋಡಿದ್ದನ್ನು ಅಚ್ಚು ಹಾಕಿದಂತೆ ಹೊಲಿಯುತ್ತಾನೆ ಎಂದು ಕೇಳಿ ಸಿನಿಮಾದವರು ಅವನ ಹತ್ತಿರ ಬಂದಿದ್ದರು. ಗುಮಾಸ್ತನ ತಾಯಿ ಪೆಟ್ಟಿಗೆಯಿಂದ ಕೋಟು ತೆಗೆದು ಕೊಟ್ಟಿದ್ದಳು, ಮಾದರಿಗೆ ಮಾತ್ರ ಎಂಬ ಮಾತಿನ ಮೇಲೆ. ಅವನು ಅದನ್ನು ನೋಡಿ ಇನ್ನೊಂದು ಹೊಲಿದ. ಬಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಹಳತು ಮಾಡಿದ. ಜೇಬಿನ ಸವೆತ, ಮೊಣಕೈಯ ನೆರಿಗೆ, ಎಲ್ಲವನ್ನೂ ತಂದ. ಒಂದನ್ನು ಮಾತ್ರ ತರಲಿಲ್ಲ. ಮೂಲದಲ್ಲಿ ಮೇಲಿನಿಂದ ಮೂರನೆಯ ಕಾಜಾ, ಗುಂಡಿ ತೂರಿಸುವ ಆ ಸೀಳು, ಓರೆಯಾಗಿತ್ತು. ಯಾರೋ ಕಲಿಯುವವರು ಹೊಲಿದಂತೆ ಎಡಕ್ಕೆ ವಾಲಿತ್ತು. ಅದನ್ನು ಹಾಗೇ ಹೊಲಿಯಲು ಅವನ ಕೈ ಒಪ್ಪಲಿಲ್ಲ. ನೆಟ್ಟಗೆ ಹೊಲಿದ.

ಚಿತ್ರೀಕರಣದ ದಿನ ಎರಡೂ ಕೋಟುಗಳಿಗೆ ಇಸ್ತ್ರಿ ಮಾಡಿ, ಗುಂಡಿ ಹಾಕಿ, ಮೆಟ್ಟಿಲ ಮೇಲಿನ ಡೇರೆಯಲ್ಲಿ ಅಕ್ಕಪಕ್ಕ ತೂಗುಹಾಕಿದ್ದ. ಉಡುಪಿನ ಮೇಲ್ವಿಚಾರಕನನ್ನು ಕರೆದು, “ಯಾವುದು ಯಾವುದು ಹೇಳಿ ನೋಡೋಣ” ಎಂದು ಸವಾಲು ಹಾಕಿದ. ಆ ಮನುಷ್ಯ ಎರಡನ್ನೂ ತಿರುವಿ ತಿರುವಿ ನೋಡಿ, “ನೀನೇ ಗೆದ್ದೆ ಮಾರಾಯ” ಎಂದು ಬೆನ್ನು ತಟ್ಟಿದ. ತಿರುವಿದಾಗ ಕೋಟುಗಳ ಜಾಗ ಅದಲುಬದಲಾಯಿತು. “ಗುಂಡೇಟಿನ ಮದ್ದು ಕಟ್ಟೋ ಕೋಟು ಕೊಡಿ” ಎಂದು ಹೊರಗಿನಿಂದ ಕೂಗು ಬಂತು. ಹೊಗಳಿಕೆಯ ಅಮಲಿನಲ್ಲಿದ್ದ ಹುಡುಗ ತನ್ನದೆಂದುಕೊಂಡು ಬಲಗಡೆಯದನ್ನು ಎತ್ತಿ ಕೊಟ್ಟ.

ನಟ ಅವನ ಮುಂದೆಯೇ ಹಾದು ಮೊದಲ ಮೆಟ್ಟಿಲಿಗೆ ಹೋದ. ನಡೆಯುತ್ತ ಸೆಕೆಗೆ ಗುಂಡಿ ಬಿಚ್ಚಿಕೊಂಡ. ಆಗ ಕಂಡಿತು, ಮೂರನೆಯದು, ಓರೆ.

ಕೂಗಬಹುದಿತ್ತು. ಹತ್ತು ಹೆಜ್ಜೆ ದೂರ. ಮುನ್ನೂರು ಜನ ಉಸಿರು ಬಿಗಿಹಿಡಿದು ನಿಂತಿದ್ದರು, ನಿರ್ದೇಶಕ ಕೈ ಮೇಲೆತ್ತಿದ್ದ. ‘ನಿಲ್ಲಿ’ ಎಂದರೆ ಮುನ್ನೂರು ಮುಖ ಅವನ ಕಡೆ ತಿರುಗುತ್ತಿತ್ತು. ಅಷ್ಟು ಹೊಗಳಿಸಿಕೊಂಡ ಹುಡುಗ ಎರಡು ಕೋಟಿನ ನಡುವೆ ತನ್ನದು ಯಾವುದೆಂದು ಗುರುತಿಸಲಾರದೆ ಹೋದ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅವನು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ನಿರ್ದೇಶಕನ ಕೈ ಕೆಳಗಿಳಿಯಿತು. ಮದ್ದು ಸಿಡಿದು ಬಟ್ಟೆ ಆರು ಕಡೆ ಹರಿಯಿತು. ಕೋಟು ನೀರಿಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು.

ತಾಯಿಗೆ ಅವನು ಮರಳಿಸಿದ್ದು ತಾನು ಹೊಲಿದದ್ದನ್ನು. ಅವಳು ಗುಂಡಿ ಬಿಚ್ಚಿ ನೋಡಲಿಲ್ಲ. “ಇಸ್ತ್ರಿ ಬೇರೆ ಮಾಡಿದ್ದೀಯಲ್ಲಪ್ಪ, ಒಳ್ಳೇದಾಗ್ಲಿ ನಿನಗೆ” ಎಂದು ಪೆಟ್ಟಿಗೆಯಲ್ಲಿಟ್ಟಳು. ಮುಂದೆ ಮ್ಯೂಸಿಯಂ ಆದಾಗ ಅವಳೇ ಕೊಟ್ಟಳು, ಆಮೇಲೆ ತೀರಿಕೊಂಡಳು. ಅವನು ಇನ್ನೊಬ್ಬರ ಹೊಲಿಗೆಯ ಮೇಲೆ ಹಗೆ ಸಾಧಿಸಲು ಶುರುಮಾಡಿದ್ದು ಆ ದಿನದಿಂದಾಚೆಗೇ. ಊರು ಎರಡನ್ನೂ ಸೇರಿಸಿ ನೋಡಲಿಲ್ಲ. ಸೇರಿಸಿ ನೋಡಿದ್ದರೂ ಅವನು ಹೆಚ್ಚು ಒಳ್ಳೆಯವನಾಗುತ್ತಿರಲಿಲ್ಲ.

ಈಗ ಅವನ ಮಗಳೇ ಮ್ಯೂಸಿಯಮ್ಮಿನ ಕೀಲಿ ಇಟ್ಟುಕೊಂಡವಳು. ಒಂದು ಮಧ್ಯಾಹ್ನ ಬಿಳಿ ಬಟ್ಟೆಯ ಗಂಟೊಂದನ್ನು ತಂದು ಅಂಗಡಿಯ ಮೇಜಿನ ಮೇಲೆ ಇಟ್ಟಳು.

“ಅಪ್ಪ, ಕೋಟಿಗೆ ಹುಳ ಬಿದ್ದಿದೆ. ಬೆನ್ನಲ್ಲಿ ನಾಲ್ಕು ಕಡೆ ತಿಂದಿದೆ. ರಫೂ ಮಾಡಿಸಿ ಅಂತ ಮೇಲಿನೋರು ಬರೆದಿದ್ದಾರೆ. ನಿನ್ನ ಹೆಸರೇ ಬರೆದಿದ್ದಾರೆ.”

“ಬೇರೆ ಯಾರೂ ಸಿಗಲಿಲ್ವಾ?”

“ಸಿಗ್ತಾರೆ. ಅವರು ಮಾಡಿದ್ದನ್ನ ನೀನು ಬಿಚ್ಚೋದಕ್ಕೆ ಬರ್ತೀಯಲ್ಲ, ಅದಕ್ಕೇ ಮೊದಲೇ ನಿನ್ನ ಹತ್ರ ತಂದೆ.” ಅಪ್ಪನ ಹತ್ತಿರ ಹೀಗೆ ಮಾತಾಡುವ ಧೈರ್ಯ ಇದ್ದದ್ದು ಅವಳಿಗೊಬ್ಬಳಿಗೆ. ಅಂದದ್ದು ನಗುತ್ತಲೇ, ಕಣ್ಣು ಮಾತ್ರ ನಗುತ್ತಿರಲಿಲ್ಲ. “ಸೋಮವಾರ ಮ್ಯೂಸಿಯಂ ಬಾಗಿಲು ಹಾಕಿರುತ್ತೆ. ಅವತ್ತು ಹುತಾತ್ಮರ ತಂಗಿ ಬರ್ತಾರೆ. ಗಾಜಿನ ಹೊರಗಿದ್ದಾಗ ಒಂದ್ಸಲ ಮುಟ್ಟಿ ನೋಡಬೇಕಂತೆ. ಆಗಲಿ ಅಂದಿದ್ದೀನಿ.”

ಅವನ ಕೈಯಲ್ಲಿದ್ದ ಸೀಮೆಸುಣ್ಣ ಬಟ್ಟೆಯ ಮೇಲೆ ಒಂದು ಗೆರೆ ಹೆಚ್ಚು ಎಳೆಯಿತು.

ತಂಗಿ ಎಂದರೆ ಎಪ್ಪತ್ತೆಂಟರ ಮುದುಕಿ. ಅಣ್ಣ ಸತ್ತಾಗ ಹದಿನಾಲ್ಕು. ಮದುವೆಯಾಗಿ ದೂರ ಹೋಗಿದ್ದವಳು, ಗಂಡ ಸತ್ತ ಮೇಲೆ ಊರಿಗೆ ಮರಳಿದ್ದಳು. ಪೊರೆ ತೆಗೆಸಿದ ಕಣ್ಣು ಕೆಟ್ಟು ಈಗ ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಕೋಲೂರಿಕೊಂಡು ಅವಳೇ ಅಂಗಡಿಗೆ ಬಂದಳು. ಮಾಸ್ಟ್ರು ಎದ್ದು ಸ್ಟೂಲು ಸರಿಸಿದ. ಅವನು ಗಿರಾಕಿಗಾಗಿ ಏಳುವವನಲ್ಲ. ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬಿಚ್ಚು ಮಾಸ್ಟ್ರು ಅಂದ್ರೆ ನೀವೇನಾ?”

ಯಂತ್ರಗಳು ಗಕ್ಕನೆ ನಿಂತವು. ಆ ಹೆಸರನ್ನು ಅವನ ಎದುರಿಗೆ ಯಾರೂ ಅಂದಿರಲಿಲ್ಲ.

“ನಾನೇ ಅಕ್ಕ. ಕೂತ್ಕೊಳ್ಳಿ.”

“ಬೇಜಾರು ಮಾಡ್ಕೋಬೇಡಿ. ನಂಗೆ ನಿಮ್ಮ ಬೇರೆ ಹೆಸರು ಗೊತ್ತಿಲ್ಲ. ನನ್ನನ್ನೂ ಹೆಸರು ಹಿಡಿದು ಕರೆಯೋರಿಲ್ಲ, ಎಲ್ಲರಿಗೂ ನಾನು ಹುತಾತ್ಮರ ತಂಗಿ. ಸತ್ತ ಮೇಲೂ ಹಾಗೇ ಬರೀತಾರೆ.” ಅವಳು ಸ್ಟೂಲನ್ನು ಕೋಲಿನಿಂದ ತಡಕಿ ಕೂತಳು. ಕೊಟ್ಟ ಚಹಾ ಲೋಟವನ್ನು ಬರಿಗೈಯಲ್ಲಿ ಬಿಗಿಯಾಗಿ ಹಿಡಿದಳು.

“ಬಿಸಿ ಇದೆ ಅಕ್ಕ.”

“ಇದೆಯಾ? ಈ ಸಕ್ಕರೆ ಕಾಯಿಲೆ ಬಂದಮೇಲೆ ಬಿಸಿ ಅಂತ ಯಾರಾದ್ರೂ ಹೇಳ್ಬೇಕು.” ಹೆಬ್ಬೆರಳ ತುದಿಯಲ್ಲಿ ಹಳೆಯ ಸುಟ್ಟ ಬೊಕ್ಕೆಯೊಂದು ಒಣಗಿತ್ತು. “ನಾನು ಬಂದದ್ದು ಒಂದೇ ಮಾತಿಗೆ. ಆ ಕೋಟು ನಿಮ್ಮ ಹತ್ರ ಬಂದಿದೆಯಂತಲ್ಲ. ನೀವು ಕೆಲಸದಲ್ಲಿ ತಪ್ಪು ಕಂಡ್ರೆ ಬಿಡೋರಲ್ಲವಂತೆ. ಮೂರನೇ ಕಾಜಾ ಸೊಟ್ಟಗಿದೆ ನೋಡಿ, ಅದನ್ನ ಬಿಚ್ಚಬೇಡಿ.”

ಮಾಸ್ಟ್ರು ಮೇಜಿನ ಮೇಲಿದ್ದ ಕತ್ತರಿಯನ್ನು ಆಚೆ ಸರಿಸಿದ.

“ಬಿಚ್ಚಿಬಿಟ್ರಾ?” ಎಂದಳು.

ಅಲ್ಲೊಂದು ದಾರಿ ತೆರೆದಿತ್ತು. ‘ಹೌದು ಅಕ್ಕ, ತಪ್ಪಾಯ್ತು, ಬಿಚ್ಚಿ ನೇರ ಮಾಡಿಬಿಟ್ಟೆ’ ಎಂದರೆ ಮುಗಿಯುತ್ತಿತ್ತು. ಇಡೀ ಊರು ಅದನ್ನು ನಂಬುತ್ತಿತ್ತು. ನಲವತ್ತು ವರ್ಷದ ಅಪಖ್ಯಾತಿ ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಅವನು ಆ ದಾರಿಯನ್ನು ನೋಡಿದ. ಮುದುಕಿಯ ಮುಖವನ್ನೂ ನೋಡಿದ.

“ಇಲ್ಲ” ಎಂದ.

“ಸದ್ಯ!” ಅವಳು ಉಸಿರು ಬಿಟ್ಟಳು. “ಕೋಟು ಹೊಲಿದದ್ದು ಅಮ್ಮ. ಕಾಜಾ ಹೊಲಿಯೋಕೆ ನಂಗೆ ಕೊಟ್ಟಿದ್ಲು, ಕಲೀಲಿ ಅಂತ. ಎರಡು ಸರಿ ಬಂತು. ಮೂರನೇದಕ್ಕೆ ಅಣ್ಣ ಬಂದು ಜಡೆ ಎಳೆದ, ಸೂಜಿ ಜಾರ್ತು. ನಾನು ಅತ್ತುಬಿಟ್ಟೆ. ಬಿಚ್ಚಿ ಮತ್ತೆ ಹೊಲೀತೀನಿ ಅಂದೆ. ಅವನು, ‘ಇರಲಿ ಬಿಡೇ, ನನ್ನ ಹೊಟ್ಟೆ ಯಾರು ನೋಡ್ತಾರೆ’ ಅಂದು ಹಾಗೇ ಹಾಕ್ಕೊಂಡು ಕಚೇರಿಗೆ ಹೋದ. ದಿನಾ ಹೋಗೋವಾಗ ನನಗೆ ಕಾಣೋ ಹಾಗೆ ಆ ಗುಂಡಿ ಮುಟ್ಕೊಂಡು ಹೋಗೋನು, ರೇಗಿಸೋಕೆ.”

“ಅಕ್ಕ, ನಾನೊಂದು ಮಾತು…”

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ತನ್ನ ಮಾತು ಮುಗಿಸಬೇಕೆನಿಸಿತೋ. “ನಿಮ್ಮ ಹತ್ರ ಹೇಳ್ತೀನಿ, ಯಾರಿಗೂ ಹೇಳಿಲ್ಲ. ನಂಗೆ ಅವನ ಮುಖ ಮರೆತುಹೋಗಿದೆ. ಕಣ್ಣು ಮುಚ್ಚಿದ್ರೆ ಆ ನಟ ಬರ್ತಾನೆ, ಮೀಸೆ ಹೊತ್ಕೊಂಡು. ಅಣ್ಣ ಅಂತ ಕರೆದ್ರೆ ಅವನೇ ತಿರುಗಿ ನೋಡ್ತಾನೆ. ಆ ಸಿನಿಮಾನ ಒಂದೇ ಸಲ ನೋಡಿದ್ದು. ಅಷ್ಟಕ್ಕೇ ಹೀಗೆ. ಮುಖ ಅವರು ತಗೊಂಡ್ರು, ಸತ್ತ ಜಾಗಾನೂ ತಗೊಂಡ್ರು. ಆ ಒಂದು ಕಾಜಾ ಅವರಿಗೆ ಗೊತ್ತಿಲ್ಲ. ಅದನ್ನ ಮುಟ್ಟಿದ್ರೆ ಅವನು ಬರ್ತಾನೇನೋ ಅಂತ.” ಕೋಲೂರಿ ಎದ್ದಳು. “ನಿಮ್ಮದೇನೋ ಮಾತಿತ್ತಲ್ಲ?”

“ಏನಿಲ್ಲ ಅಕ್ಕ. ಮೆಟ್ಟಿಲಿದೆ, ನಿಧಾನವಾಗಿ ಇಳೀರಿ.”

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸಗಾರರನ್ನು ಕಳಿಸಿ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡ. ಬೆನ್ನಿನ ನಾಲ್ಕು ತೂತುಗಳ ರಫೂ ಆಗಲೇ ಮುಗಿದಿತ್ತು. ಇನ್ನೊಬ್ಬ ದರ್ಜಿ ಹುಡುಕಿದರೂ ಅದು ಸಿಗುತ್ತಿರಲಿಲ್ಲ. ಕೋಟನ್ನು ತೊಡೆಯ ಮೇಲೆ ಹರಡಿ ಬ್ಲೇಡು ತೆಗೆದ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ತಾನೇ ಹೊಲಿದಿದ್ದ ಮೂರನೆಯ ಕಾಜಾದ ಎಳೆಗಳನ್ನು ಒಂದೊಂದಾಗಿ ಕಿತ್ತ. ಅಷ್ಟು ಒಳ್ಳೆಯ ಕಾಜಾವನ್ನು ಅವನು ಆಮೇಲೆ ಹೊಲಿದದ್ದು ಕಡಿಮೆ.

ಓರೆ ಹೊಲಿಯುವುದು ಸುಲಭ ಎಂದುಕೊಂಡಿದ್ದ. ಹಳೆಯ ದಾರ ಹುಡುಕಿ, ಮೇಣಕ್ಕೆ ಎಳೆದು, ಎಡಗೈಯಲ್ಲಿ ಸೂಜಿ ಹಿಡಿದು ಬೇಕೆಂದೇ ವಾಲಿಸಿದ. ನಾಲ್ಕು ಎಳೆ ಆದಮೇಲೆ ನೋಡಿದರೆ ನೆಟ್ಟಗಿತ್ತು. ಕಿತ್ತ. ಮತ್ತೆ ಹೊಲಿದ. ಈ ಸಲ ವಾಲಿತ್ತು ನಿಜ, ಆದರೆ ಅಳತೆ ಹಿಡಿದು ವಾಲಿಸಿದಂತೆ, ಒಂದೊಂದು ಎಳೆಯೂ ಒಂದೇ ದೂರದಲ್ಲಿ, ಸಾಲಾಗಿ. ಅದರಲ್ಲಿ ಜಡೆ ಎಳೆಸಿಕೊಂಡ ಹುಡುಗಿ ಇರಲಿಲ್ಲ. ಬಿಚ್ಚು ಮಾಸ್ಟ್ರು ಇದ್ದ. ಕಿತ್ತ. ಮೂರನೆಯ ಸಲವೂ ಹಾಗೇ ಆದಾಗ ಸೂಜಿ ಕೆಳಗಿಟ್ಟು ಎರಡೂ ಕೈ ನೋಡಿಕೊಂಡ.

ಆಮೇಲೆ ಸೂಜಿಯನ್ನು ಬಲಗೈಗೆ ತೆಗೆದುಕೊಂಡ.

ಬಲಗೈ ಹುಟ್ಟಿದಾಗಿನಿಂದ ಹೊಲಿದಿರಲಿಲ್ಲ. ಕತ್ತರಿಗೆ ಬಟ್ಟೆ ಹಿಡಿದುಕೊಡುವುದಷ್ಟೇ ಅದರ ಕೆಲಸ. ಸೂಜಿ ಹೋಗಬೇಕಾದಲ್ಲಿ ಹೋಗಲಿಲ್ಲ. ಒಂದು ಎಳೆ ಉದ್ದ, ಒಂದು ಗಿಡ್ಡ, ಒಂದು ಇನ್ನೊಂದರ ಮೇಲೆ ಹತ್ತಿತು. ಎರಡು ಸಲ ಎಡ ಹೆಬ್ಬೆರಳಿಗೆ ಚುಚ್ಚಿತು. ಅರವತ್ತೆರಡು ವರ್ಷದ ಮನುಷ್ಯ ಹೊಸದಾಗಿ ಕಲಿಯುವವರಂತೆ ನಾಲಗೆ ಕಚ್ಚಿಕೊಂಡು, ಒಂದೂವರೆ ಗಂಟೆ ಹೊತ್ತು, ಒಂದು ಅಂಗುಲದ ಕಾಜಾ ಹೊಲಿದ. ಅದು ಎಡಕ್ಕೆ ವಾಲಿತು. ಕೊನೆಯಲ್ಲಿ ಗಂಟು ಹಾಕುವಾಗ ಸ್ವಲ್ಪ ಸುಕ್ಕು ಬಂತು. ತಗಡಿನ ಡಬ್ಬಿಯ ಕಡೆ ಕೈ ತಾನಾಗಿ ಹೋಯಿತು. ಅವನು ಎದ್ದು ಬಾಗಿಲು ತೆರೆದ.

ಮಾಡಿದ್ದಕ್ಕೆ ಮೋಸ ಎಂದೇ ಹೆಸರು. ಅವನೂ ಅದಕ್ಕೆ ಬೇರೆ ಹೆಸರು ಇಟ್ಟುಕೊಳ್ಳಲಿಲ್ಲ.

ಸೋಮವಾರ ಹತ್ತು ಗಂಟೆಗೆ ಮ್ಯೂಸಿಯಮ್ಮಿನ ಒಳಕೋಣೆಯಲ್ಲಿ ಮೂವರಿದ್ದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಕೋಟನ್ನು ಗುಂಡಿ ಬಿಚ್ಚಿ ಮಲಗಿಸಿದ್ದರು. ಮಗಳು ಮುದುಕಿಯ ಕೈ ಹಿಡಿದು ಕೂರಿಸಿ, ಕೈಯನ್ನು ಕಾಲರಿನ ಮೇಲೆ ಇಟ್ಟಳು. ಗೋಡೆಯ ಮೇಲಿನಿಂದ ನಟ ಮೀಸೆಯಡಿಯಲ್ಲಿ ನಗುತ್ತಿದ್ದ.

ಬೆರಳುಗಳು ಅಂಚು ಹಿಡಿದು ಇಳಿದವು. ಒಂದು. ಎರಡು. ಮೂರನೆಯದರ ಮೇಲೆ ನಿಂತವು. ಹಿಂದಕ್ಕೆ ಹೋದವು, ಮತ್ತೆ ಬಂದವು. ಹೆಬ್ಬೆರಳನ್ನು ಒತ್ತಿ ಉಜ್ಜಿದಳು. ಇನ್ನೊಂದು ಕೈ ತಂದಳು. ತುಂಬ ಹೊತ್ತು ಹುಡುಕಿದಳು.

“ಏನೂ ತಿಳೀತಿಲ್ಲ” ಎಂದಳು. “ಬಟ್ಟೆ ಅನ್ನೋದೇ ತಿಳೀತಿಲ್ಲ. ಮರ ಮುಟ್ಟಿದ ಹಾಗಿದೆ.” ಕೈಗಳನ್ನು ಮಡಿಲಿಗೆ ತೆಗೆದುಕೊಂಡಳು. “ಇಷ್ಟು ವರ್ಷ ಗಾಜು ಅಡ್ಡ ಇತ್ತು, ಈಗ ನನ್ನ ಚರ್ಮಾನೇ ಅಡ್ಡ.”

ಮಗಳು ಮುಖ ಆಚೆ ತಿರುಗಿಸಿದಳು.

“ಮಾಸ್ಟ್ರೇ, ಇದ್ದೀರಾ?”

“ಇದ್ದೀನಿ ಅಕ್ಕ.”

“ನೀವು ನೋಡಿ ಹೇಳಿ. ಬೇರೆ ಯಾರಾದ್ರೂ ಆದ್ರೆ ಮುದುಕಿಗೆ ಸಮಾಧಾನ ಆಗ್ಲಿ ಅಂತ ಏನಾದ್ರೂ ಹೇಳ್ತಾರೆ. ನೀವು ಹೊಲಿಗೆ ವಿಷಯದಲ್ಲಿ ಸ್ವಂತ ಮಗಳನ್ನೂ ಬಿಟ್ಟೋರಲ್ಲವಂತೆ. ಮೂರನೇದು ಹೇಗಿದೆ?”

ಅವನು ಹತ್ತಿರ ಬಂದು ಬಗ್ಗಿದ. ಕನ್ನಡಕ ಏರಿಸಿಕೊಂಡು, ಎಂದಿನಂತೆ ಎರಡು ಬೆರಳಲ್ಲಿ ಅಂಚು ಹಿಡಿದ.

“ಸೊಟ್ಟಗಿದೆ” ಎಂದ. “ಎಡಕ್ಕೆ ವಾಲಿದೆ. ಎಳೆ ಒಂದರ ಮೇಲೊಂದು ಹತ್ತಿದೆ. ಕೊನೇಲಿ ಗಂಟು ಸುಕ್ಕಾಗಿದೆ. ಕಲಿಯೋರ ಕೈ.”

“ಅಷ್ಟು ಕೆಟ್ಟದಾಗಿದೆಯಾ?”

“ತುಂಬ ಕೆಟ್ಟದಾಗಿದೆ ಅಕ್ಕ.”

ಅವಳು ನಕ್ಕಳು. ಕಣ್ಣು ಮುಚ್ಚಿ ಕಾದಳು. ಆ ಮುಚ್ಚಿದ ಕಣ್ಣಿನ ಹಿಂದೆ ಯಾರು ತಿರುಗಿ ನೋಡಿದರು, ಮೀಸೆ ಇದ್ದವನೋ ಇಲ್ಲದವನೋ, ಅವಳು ಹೇಳಲಿಲ್ಲ. ಇವರಿಬ್ಬರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನಗು ಮುಖದಿಂದ ಇಳಿಯಿತು. “ಸರಿ ಹಾಗಾದ್ರೆ” ಎಂದು ಕೋಲು ಹುಡುಕಿದಳು. ಮಗಳು ಅವಳನ್ನು ಬೀದಿಯ ತಿರುವಿನವರೆಗೆ ಬಿಟ್ಟುಬಂದಳು.

ಬಂದಾಗ ಅಪ್ಪ ಕೋಟನ್ನು ಗಾಜಿನ ಪೆಟ್ಟಿಗೆಯೊಳಗೆ ತೂಗುಹಾಕಿ ಅದರ ಮುಂದೆ ನಿಂತಿದ್ದ. ಅವಳೂ ಬಗ್ಗಿ ನೋಡಿದಳು. ಹನ್ನೊಂದು ವರ್ಷದಿಂದ ಆ ಗಾಜು ಒರೆಸಿದವಳು ಅವಳು. ಅದುವರೆಗೆ ಗುಂಡಿಯ ಮರೆಯಲ್ಲಿದ್ದ ಕಾಜಾವನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು.

“ಅಯ್ಯೋ, ನಿಜವಾಗ್ಲೂ ಇಷ್ಟು ಸೊಟ್ಟಗಿದೆಯಾ! ಅಪ್ಪ, ಇನ್ನು ಅವರು ಮುಟ್ಟೋಕೆ ಬರಲ್ಲ, ಬಂದ್ರೂ ತಿಳಿಯಲ್ಲ. ಗಾಜು ಹಾಕೋಕೆ ಮುಂಚೆ ಸರಿ ಮಾಡ್ಬೇಕಂದ್ರೆ ಮಾಡ್ಬಿಡು. ನಿನಗೆ ಇವತ್ತು ಊಟ ಸೇರಲ್ಲ.” ಅವನ ಚೀಲದಿಂದ ತಗಡಿನ ಡಬ್ಬಿ ತೆಗೆದು, ಮುಚ್ಚಳ ತೆರೆದು, ಅವಳೇ ಮುಂದೆ ಹಿಡಿದಳು.

ಅವನು ಬ್ಲೇಡನ್ನು ನೋಡಿದ. ಮಗಳ ಎಡ ತೋಳಿನ ಕಡೆ, ಯಾವುದೋ ಅಂಗಡಿಯಲ್ಲಿ ಹೊಲಿಸಿದ ಅವಳ ರವಿಕೆಯ ಕಡೆ, ಒಂದು ಕ್ಷಣ ನೋಡಿದ. ಆಮೇಲೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ ಅವಳ ಕೈಗೇ ಬಿಟ್ಟ. ಕೋಟಿನ ಒಂದನೆಯ ಗುಂಡಿ ಹಾಕಿದ, ಎರಡನೆಯದು ಹಾಕಿದ, ನಾಲ್ಕು, ಐದು ಹಾಕಿದ. ಮೂರನೆಯದನ್ನು, ಬಂದವರಿಗೆಲ್ಲ ಕಾಣುವಂತೆ, ತೆರೆದೇ ಬಿಟ್ಟು ಗಾಜು ಎಳೆದ.